ಯಾವ ಕವರ್?

ರಾತ್ರಿ ಮಳೆ ಬಂದಿತ್ತು. ಬೆಳಿಗ್ಗೆ ಗಜಾಲಾ ಮಹಡಿಯಿಂದ ಇಳಿದು ಬಂದಾಗ ಸ್ಕೂಟರಿನ ಸೀಟು ನೀರು ಕುಡಿದು ಊದಿಕೊಂಡಿತ್ತು. ಅಂಗೈಯಿಂದ ಒತ್ತಿದರೆ ಹರಿದ ಜಾಗದಿಂದ ಕಂದು ನೀರು ಉಕ್ಕಿತು. ಅವಳು ಬ್ಯಾಗಿನಿಂದ ತರಕಾರಿಯ ಪ್ಲಾಸ್ಟಿಕ್ ಕವರೊಂದನ್ನು ತೆಗೆದು, ಕೊಡವಿ, ಸೀಟಿನ ಮೂತಿಗೆ ಟೋಪಿಯ ಹಾಗೆ ಎಳೆದು ಕೂರಿಸಿದಳು.

ಮೈದುನ ಸುಫಿಯಾನ್ ಬಾಗಿಲಲ್ಲಿ ನಿಂತು ಹಲ್ಲುಜ್ಜುತ್ತಿದ್ದ. "ಭಾಭಿ, ಚಿಟಿಕೆ ಹೊಡೆಯೋ ಹೊತ್ತಿನ ಕೆಲಸ. ಅಂಗಡಿ ಹತ್ರ ಬಿಟ್ಟು ಹೋಗಿ."

"ಬೇಡ ಬಿಡು."

"ಸೀಟ್ ಕವರ್ ಅಂಗಡಿಯವರ ಮನೆ ಗಾಡಿ ಇದು. ತಣಿಸಂದ್ರದಲ್ಲಿ ತಲೆ ಎತ್ತಿ ಓಡಾಡೋ ಹಾಗಿಲ್ಲ ನಾನು."

"ತಗ್ಗಿಸಿಕೊಂಡೇ ಓಡಾಡು. ಗುಂಡಿಗಳು ಕಾಣ್ತವೆ."

ಸುಫಿಯಾನ್ ಬಾಯಿತುಂಬ ನೊರೆ ಇಟ್ಟುಕೊಂಡೇ ನಕ್ಕ. ಗಜಾಲಾ ನಗಲಿಲ್ಲ. ಆದರೆ ಗಾಡಿ ಕೋಗಿಲು ಕ್ರಾಸ್ ಮುಟ್ಟುವವರೆಗೂ ಆ ನಾಲ್ಕು ಮಾತು ಅವಳ ಜೊತೆಗಿದ್ದವು. ಪಾಠವನ್ನು ಬಿಟ್ಟರೆ ಇಡೀ ದಿನದಲ್ಲಿ ಅವಳು ಆಡುತ್ತಿದ್ದ ಮಾತು ಹೆಚ್ಚುಕಡಿಮೆ ಅಷ್ಟೇ.

ದೀಪದ ಬುಡದಲ್ಲಿ ಕತ್ತಲು ಅನ್ನುತ್ತಾರಲ್ಲ, ಆ ಸೀಟಿನ ಕಥೆ ಹಾಗಿತ್ತು. ಆರ್.ಟಿ. ನಗರದ ದಿಣ್ಣೂರು ರಸ್ತೆಯಲ್ಲಿ ಅವಳ ಗಂಡ ಫರ್ದೀನನ ಸೀಟ್ ಕವರ್ ಅಂಗಡಿ. ಮಾವ ವಹಾಬ್ ಸಾಹೇಬರು ಇಟ್ಟದ್ದು. ಅವರು ತೀರಿಕೊಂಡ ಮೇಲೆ ಅಣ್ಣತಮ್ಮ ಇಬ್ಬರೂ ಸೇರಿ ನಡೆಸುತ್ತಿದ್ದರು. ಹೆಬ್ಬಾಳದಿಂದ ಯಶವಂತಪುರದವರೆಗೆ ಯಾರ ಬೈಕಿನ ಸೀಟು ಹರಿದರೂ ಅಲ್ಲಿಗೇ ಬರಬೇಕು. ಊರಿಗೆಲ್ಲ ಹೊಸ ರೆಕ್ಸಿನ್ ಹೊಲಿದುಕೊಟ್ಟವನು ತನ್ನ ಗಾಡಿಯ ಹರುಕಿಗೆ ಮಾತ್ರ "ನಾಳೆ" ಅನ್ನುತ್ತಿದ್ದ. "ಇದಕ್ಕೆ ಸ್ಪೆಷಲ್ ಹಾಕ್ಬೇಕು ಗಜಾಲಾ. ಮಾಮೂಲಿ ಮಾಲು ಸಾಲಲ್ಲ." ಹೋದ ವರ್ಷ ರಂಜಾನ್‌ಗೆ ಮುಂಚೆ, ಒಂದು ಮಧ್ಯಾಹ್ನ, ಅಂಗಡಿಯಲ್ಲೇ ಎದೆ ಹಿಡಿದು ಕೂತ. ಗ್ಯಾಸ್ಟ್ರಿಕ್ ಅಂದುಕೊಂಡು ಸೋಡಾ ತರಿಸಿ ಕುಡಿದ. ಆಟೊ ಆಸ್ಪತ್ರೆಯ ಬಾಗಿಲು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಗಜಾಲಾ ಅಳಲಿಲ್ಲ. ಬಂದ ಹೆಂಗಸರು "ಗಟ್ಟಿ ಜೀವ" ಅಂದುಕೊಂಡು ಹೋದರು. ಅದು ಗಟ್ಟಿಯಲ್ಲ, ಜೋಮು. ಕಾಲು ಜೋಮು ಹಿಡಿದಾಗ ಪಾದ ನೆಲ ಮುಟ್ಟುತ್ತದೆ, ಮುಟ್ಟಿದ್ದು ತಿಳಿಯುವುದಿಲ್ಲ. ಗಂಡ ಸತ್ತವಳು ಮನೆಯೊಳಗೇ ಇರಬೇಕಾದ ಇದ್ದತ್ತಿನ ತಿಂಗಳುಗಳನ್ನು ಮಹಡಿಯ ಕೋಣೆಯಲ್ಲಿ ಕೂತು ಕಳೆದಳು. ಅದು ಮುಗಿದ ಮೇಲೆ ಯಲಹಂಕದ ಡಿಗ್ರಿ ಕಾಲೇಜಿಗೆ, ತನ್ನ ಗೆಸ್ಟ್ ಲೆಕ್ಚರರ್ ಕೆಲಸಕ್ಕೆ, ಇಂಗ್ಲಿಷ್ ಪಾಠಕ್ಕೆ ಮರಳಿದಳು. ಹೋಗುವಾಗ ಹರಿದ ಸೀಟು, ಬರುವಾಗ ಹರಿದ ಸೀಟು. ಸುಫಿಯಾನ್ ಎಷ್ಟು ಸಲ ಕೇಳಿದರೂ ಅದನ್ನು ಮುಟ್ಟಲು ಬಿಡಲಿಲ್ಲ. ನಾಳೆ ಅಂದವನ ಮಾತು ಇನ್ನೂ ಆ ಹರುಕಿನಲ್ಲಿ ಇತ್ತು. ಹೊಸ ಕವರ್ ಬಿದ್ದರೆ ಅದೂ ಮುಚ್ಚಿಹೋಗುತ್ತಿತ್ತು.

ಕವರ್ ಅನ್ನುವುದು ಅವರಿಬ್ಬರ ನಡುವಿನ ಪದ. ಮದುವೆಯಾದ ಹೊಸದರಲ್ಲಿ ಗಂಡಹೆಂಡಿರಿಗೆ ಮಾತಾಡಲು ಏನೂ ಇರಲಿಲ್ಲ. ಅವಳು ಇಂಗ್ಲಿಷ್ ಎಂ.ಎ., ಅವನು ಪಿಯುಸಿಯಲ್ಲಿ ಇಂಗ್ಲಿಷಿಗೇ ಮಣ್ಣು ಮುಕ್ಕಿದವನು. ಒಂದು ಸಂಜೆ ಚಹಾ ಕುಡಿಯುತ್ತ ಅವನೇ ಕೇಳಿದ್ದ: "ಪದಗಳ ಹುಟ್ಟು ಓದಿದ್ದೀನಿ ಅಂದ್ಯಲ್ಲ. ನಮ್ಮ ಬೋರ್ಡ್ ಮೇಲಿರೋ ಪದ ಎಲ್ಲಿ ಹುಟ್ಟಿದ್ದು, ಹೇಳು ನೋಡಣ."

"ಸೀಟಾ, ಕವರಾ?"

"ಕವರ್. ಸೀಟು ಕಂಪನಿಯವರದ್ದು. ನಮ್ಮದು ಕವರ್ ಅಷ್ಟೇ."

ಅವಳು ನಿಘಂಟು ತೆಗೆದು ಕೂತಳು. ಲ್ಯಾಟಿನ್‌ನಲ್ಲಿ ಓಪೆರೀರೆ ಅಂತ ಒಂದು ಕ್ರಿಯಾಪದ. ಮುಚ್ಚು ಅಂತ ಅರ್ಥ. ಅದಕ್ಕೆ ಮುಂದೆ, ಪೂರ್ತಿಯಾಗಿ ಅನ್ನುವ ಅರ್ಥದ ತುಣುಕೊಂದು ಅಂಟಿಕೊಂಡು ಕೋಓಪೆರೀರೆ ಆಯಿತು. ಫ್ರೆಂಚರ ಬಾಯಲ್ಲಿ ಸವೆದು ಕುವ್ರೀರ್, ಇಂಗ್ಲಿಷರ ಬಾಯಲ್ಲಿ ಕವರ್.

"ಸವೆದು ಸವೆದು ದಿಣ್ಣೂರಿಗೆ ಬಂತು," ಅಂದ ಫರ್ದೀನ್. "ಇದಕ್ಕೆ ನೆಂಟರಿಷ್ಟರು ಯಾರೂ ಇಲ್ವಾ?"

"ಇದಾರೆ. ಕರ್ಫ್ಯೂ ಇದೆಯಲ್ಲ, ಅದು ಬೆಂಕಿ ಮುಚ್ಚು ಅಂತ. ಸಂಜೆ ಗಂಟೆ ಹೊಡೆದರೆ ಊರವರೆಲ್ಲ ಒಲೆ ಮುಚ್ಚಬೇಕಿತ್ತಂತೆ."

"ನಮ್ಮ ಅಜ್ಜಿ ಮಲಗೋ ಮುಂಚೆ ಕೆಂಡದ ಮೇಲೆ ಬೂದಿ ಎಳೀತಿದ್ರು. ಬೆಳಿಗ್ಗೆ ಬೂದಿ ಸರಿಸಿ ಊದಿದ್ರೆ ಬೆಂಕಿ ರೆಡಿ. ಕರ್ಫ್ಯೂ ಹಾಕಿ ಮಲಗ್ತಿದ್ರು ಅನ್ನು."

"ಇನ್ನೊಂದು ಕರ್ಚೀಫ್. ತಲೆ ಮುಚ್ಚೋದು ಅಂತ ಅದರ ಅರ್ಥ. ಕರ್ ಅನ್ನೋದು ಕವರ್, ಚೀಫ್ ಅನ್ನೋದು ತಲೆ."

ಫರ್ದೀನ್ ಚಹಾದ ಲೋಟ ಕೆಳಗಿಟ್ಟು ತೊಡೆ ತಟ್ಟಿಕೊಂಡಿದ್ದ. "ಅಲ್ಲಾ, ತಲೆ ಮೇಲೆ ಹಾಕೋದನ್ನ ನಾವು ಬಸ್ಸಲ್ಲಿ ಸೀಟ್ ಮೇಲೆ ಹಾಕ್ತೀವಲ್ಲೇ! ಹಾಗಾದ್ರೆ ಅದೂ ಸೀಟ್ ಕವರ್ರೇ. ನಮ್ಮ ವ್ಯಾಪಾರಕ್ಕೆ ಕಲ್ಲು."

ಆಗಿನ್ನೂ ಸ್ಕೂಟರ್ ಇರಲಿಲ್ಲ. ಇಬ್ಬರೂ ಬಸ್ಸಿನಲ್ಲೇ ಓಡಾಡುತ್ತಿದ್ದರು. ಅವಳು ಮುಂದಿನ ಬಾಗಿಲಿಂದ ಹತ್ತಿ ಸೀಟು ಹಿಡಿದು, ಪಕ್ಕದ ಜಾಗಕ್ಕೆ ಕರ್ಚೀಫ್ ಹಾಕಿ ಕಾಯುವುದು, ಅವನು ಹಿಂದಿನ ಬಾಗಿಲಿಂದ ಹತ್ತಿ, ಜನರ ನಡುವೆ ನುಸುಳಿ ಬಂದು, "ಕವರ್ ಹಾಕಿದ್ಯಾ?" ಅಂತ ಕೇಳಿ ಕೂರುವುದು.

ಆಮೇಲೆ ಅದೇ ಆಟವಾಯಿತು. ದಿನಾ ಸಂಜೆ ಇಬ್ಬರೂ ಹೊರಗೆ ಕಿವಿಗೆ ಬಿದ್ದ ಒಂದೊಂದು ಹೊಸ ಕವರ್ ಹಿಡಿದು ತರಬೇಕು. ಸಿಗದವರು ಚಹಾ ಮಾಡಬೇಕು. ಮದುವೆಯಲ್ಲಿ ವಧೂವರರ ಕೈಗೆ ತುರುಕುವ ಕವರ್, ಚಿಕ್ಕಪೇಟೆಯ ಕವರಿಂಗ್ ಬಳೆ, ಇನ್ಶೂರೆನ್ಸ್ ಏಜೆಂಟರ ಕವರ್, ಬೌಂಡರಿ ತಡೆಯಲು ಕವರ್ಸ್‌ನಲ್ಲಿ ನಿಂತ ಹುಡುಗ, ಅವಳದೇ ಕಾಲೇಜಿನ ಪೋರ್ಷನ್ ಕವರ್. ಫರ್ದೀನ್ ಒಂದು ದಿನ ಗೆದ್ದ ಗತ್ತಿನಲ್ಲಿ ಬಂದು, "ಅಣ್ಣಾ, ಟೊಮ್ಯಾಟೊ ಹಾಕಕ್ಕೆ ಒಂದು ಕವರ್ ಕೊಡಿ" ಅಂದ. ಅವಳು ಒಪ್ಪಲಿಲ್ಲ. ಇಂಗ್ಲಿಷಿನಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ಕವರ್ ಅನ್ನುವುದಿಲ್ಲ, ಯಾವ ನಿಘಂಟಿನಲ್ಲೂ ಇಲ್ಲ ಅಂದಳು. "ನಿಘಂಟಿನವರು ಬೆಂಗಳೂರಿಗೆ ಬಂದು ತರಕಾರಿ ತಗೊಂಡಿಲ್ಲ. ಅದಕ್ಕೆ ನಾನೇನು ಮಾಡ್ಲಿ? ಹೋಗಿ ಚಹಾ ಮಾಡು," ಅಂದ.

ಕೊನೆಯ ನೆಂಟನನ್ನು ಅವಳು ಅವನಿಗೆ ಹೇಳಿರಲಿಲ್ಲ. ಮುಚ್ಚು ಅನ್ನುವ ಓಪೆರೀರೆಗೆ ಆಪೆರೀರೆ ಅಂತ ಒಬ್ಬಳು ತಂಗಿ. ಅವಳ ಅರ್ಥ ತೆರೆ. ಎರಡಕ್ಕೂ ಬೇರು ಒಂದೇ. ಅದನ್ನು ಓದಿದ್ದ ದಿನ ಅವನು ಅಂಗಡಿಯಿಂದ ಮನೆಗೆ ಬರಲಿಲ್ಲ.

ಈಗ ಅತ್ತೆಯ ಮಾತಿಗೆ ಬರಬೇಕು.

ಅತ್ತೆ ರೆಹಾನಾ ಮಿತಭಾಷಿ. ಮೂವತ್ತು ವರ್ಷ ಸೀಟ್ ಕವರ್ ಅಂಗಡಿಯ ಅನ್ನ ಉಂಡವರು. ಹೋದ ಶುಕ್ರವಾರ ಊಟವಾದ ಮೇಲೆ ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎಲೆಗೆ ಸುಣ್ಣ ಸವರುತ್ತ ಅಂದರು: "ಎಂಥ ಗಟ್ಟಿ ಸೀಟಾದ್ರೂ ಕವರ್ ಇಲ್ದೆ ಬಿಸಿಲಲ್ಲಿ ಬಿಟ್ರೆ ಎಷ್ಟು ದಿನ ಇರತ್ತೆ ಬೇಟಿ? ನಿನ್ನದು ಇನ್ನೂ ಚಿಕ್ಕ ವಯಸ್ಸು. ಸುಫಿಯಾನ್ ಇದಾನೆ. ಮನೆ ಹುಡುಗ. ಹೊರಗಿನವರು ಯಾಕೆ? ಮುಂದಿನ ಭಾನುವಾರ ಯಶವಂತಪುರದಿಂದ ನನ್ನ ತಂಗಿ ನಸೀಮಾ ಬರ್ತಾಳೆ. ಹಿರಿಯರ ಬಾಯಲ್ಲಿ ಮಾತು ಆಗಲಿ ಅಂತ. ಅಷ್ಟರಲ್ಲಿ ಯೋಚನೆ ಮಾಡಿಡು."

ಗಜಾಲಾ ಯೋಚನೆ ಮಾಡಿದಳು. ಒಲ್ಲೆ ಅನ್ನುವುದಕ್ಕೆ ಯೋಚನೆ ಬೇಕಿರಲಿಲ್ಲ. ಒಲ್ಲೆ ಅಂದ ಮೇಲೆ ಏನು ಅನ್ನುವುದಕ್ಕೆ ಬೇಕಿತ್ತು. ಮನೆಯ ಮಾತು ಕಡಿದು ಹಾಕಿದವಳು ಆ ಮನೆಯ ಮಹಡಿಯಲ್ಲಿ ಹೇಗೆ ಇರುವುದು? ಮಾಕಳಿಯಲ್ಲಿ ಅವಳ ಅಣ್ಣನ ಮನೆ ಇದೆ. ಅಲ್ಲಿ ಹಾಲಿನಲ್ಲಿ ಟಿವಿಯ ಕೆಳಗೆ ಚಾಪೆ ಹಾಸಬೇಕು, ಟಿವಿ ಆರುವವರೆಗೆ ಗೋಡೆಗೆ ಒರಗಿ ಕಾಯಬೇಕು. ಅಣ್ಣ ಬಾ ಅಂದಿದ್ದ. ಅತ್ತಿಗೆ ಏನೂ ಅಂದಿರಲಿಲ್ಲ. ಮಹಡಿಯ ಕೋಣೆ ಹೋಯಿತು ಅಂದರೆ ಫರ್ದೀನ್ ತಲೆಯೆಣ್ಣೆಯ ಕಲೆ ಉಳಿಸಿಹೋದ ಗೋಡೆಯೂ ಹೋಯಿತು, ಬೆಳಗಿನ ಆ ನಾಲ್ಕು ಮಾತೂ ಹೋಯಿತು. ಅದಕ್ಕಿಂತ ಅನ್ಯಾಯ ಅಂದರೆ, ಹ್ಞೂಂ ಅಂದರೂ ಆ ನಾಲ್ಕು ಮಾತು ಹೋಗುತ್ತವೆ. ಗಂಡನಾದವನು ಹರಿದ ಸೀಟಿನ ಮೇಲೆ ಜೋಕು ಮಾಡುತ್ತ ನಿಲ್ಲುವುದಿಲ್ಲ. ಸುಫಿಯಾನನಿಗೆ ಈ ವಿಷಯ ಗೊತ್ತೋ ಇಲ್ಲವೋ ಅವಳಿಗೆ ತಿಳಿದಿರಲಿಲ್ಲ. ಗೊತ್ತಿಲ್ಲದಿರಲಿ ಅಂದುಕೊಂಡಿದ್ದಳು.

ಅವತ್ತು, ಮಳೆ ನಿಂತ ಆ ಬೆಳಿಗ್ಗೆ, ಮೊದಲ ಕ್ಲಾಸು ಮುಗಿಸಿ ಸ್ಟಾಫ್ ರೂಮಿಗೆ ಬಂದಾಗ ಫೋನಿನಲ್ಲಿ ಸುಫಿಯಾನನ ಮೆಸೇಜು ಕಾದಿತ್ತು. ಮನೆಯಲ್ಲಿ ಆಡುವ ದಖ್ಖನಿ ಉರ್ದುವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದ.

"ಭಾಭಿ, ಅಮ್ಮೀ ನಿನ್ನೆ ನನಗೂ ಹೇಳಿದ್ರು. ಮುಖ ನೋಡ್ಕೊಂಡು ಮಾತಾಡಕ್ಕೆ ಆಗ್ಲಿಲ್ಲ, ಅದಕ್ಕೆ ಬರೀತಿದ್ದೀನಿ. ಟೆನ್ಷನ್ ನಕ್ಕೋ. ನಾನು ಕವರ್ ಮಾಡ್ಕೊಳ್ತೀನಿ. ನೀವು ಹ್ಞೂಂ ಅಂದ್ರೆ ಸಾಕು."

ಅವಳು ಅದನ್ನು ಮತ್ತೆ ಮತ್ತೆ ಓದಿದಳು. ಏನನ್ನು ಕವರ್ ಮಾಡುವುದು, ಯಾರನ್ನು, ಅನ್ನುವುದೇ ವಾಕ್ಯದಲ್ಲಿರಲಿಲ್ಲ. ಮಕ್ಕಳು ಹೀಗೆ ಬರೆದರೆ ಅವಳು ಕೆಂಪು ಗೆರೆ ಎಳೆದು, ಕರ್ಮಪದ ಎಲ್ಲಿ ಅಂತ ಕೇಳುತ್ತಿದ್ದಳು. ಇಲ್ಲಿ ಕೇಳಬೇಕಾದ ಅಗತ್ಯ ಕಾಣಲಿಲ್ಲ. ಅತ್ತೆ ಆಗಲೇ ಹೇಳಿಯಾಗಿತ್ತಲ್ಲ. ಸೀಟು ಯಾವುದು, ಕವರ್ ಯಾವುದು, ಎಲ್ಲ.

ಪಕ್ಕದ ಮೇಜಿನ ಕನ್ನಡ ಮೇಡಂ ಸುಮಾ ತಲೆಯೆತ್ತಿದರು. "ಯಾಕ್ರೀ ಗಜಾಲಾ, ಮುಖ ಹಾಗಾಯ್ತು? ಪೋರ್ಷನ್ ಕವರ್ ಆಗಿಲ್ವಾ?"

"ಆಗತ್ತೆ ಮೇಡಂ," ಅಂದಳು ಗಜಾಲಾ.

ಮಧ್ಯಾಹ್ನದ ಕ್ಲಾಸಿಗೆ ರಜೆ ಹೇಳಿ ಹೊರಟಳು. ಹೆಬ್ಬಾಳ ಫ್ಲೈಓವರ್ ಮೇಲೆ ಗಾಡಿಗಳು ತೆವಳುತ್ತಿದ್ದವು. ಸೀಟಿನ ಪ್ಲಾಸ್ಟಿಕ್ ಅವಳ ಕೆಳಗೆ ಸರಸರ ಅನ್ನುತ್ತಿತ್ತು. ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಬರೆದು, ತಿದ್ದಿ, ಮತ್ತೆ ಬರೆದಳು. ಬಹಳ ದಿನದ ಮೇಲೆ ಅವಳಿಗೆ ಏನೋ ಒಂದು ನಿಜವಾಗಿ ಅನ್ನಿಸುತ್ತಿತ್ತು. ಅದು ಭಯ.

ಅಂಗಡಿಯಲ್ಲಿ ಸುಫಿಯಾನ್ ಬುಲೆಟ್ ಬೈಕಿನ ಸೀಟೊಂದನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು, ಸ್ಕ್ರೂಡ್ರೈವರಿನಿಂದ ಹಳೆಯ ಪಿನ್ನುಗಳನ್ನು ಕೀಳುತ್ತಿದ್ದ. ಪಕ್ಕದ ಸ್ಟೂಲಿನಲ್ಲಿ ಕಟ್ಟಡದ ಮಾಲೀಕ ಪಿಳ್ಳಪ್ಪ ಚಹಾದ ಲೋಟ ಹಿಡಿದು ಕೂತಿದ್ದರು. ರಸ್ತೆಗಿಂತ ಮುಂಚೆ ಆ ಜಾಗದಲ್ಲಿ ಅವರ ರಾಗಿ ಹೊಲವಿತ್ತು.

"ಏನ್ ಟೀಚರಮ್ಮ, ಇಂಗೆ ಒತ್ತಲ್ದ ಒತ್ನಾಗೆ? ಕಾಲೇಜು ರಜವಾ?"

ಗಜಾಲಾ ನಿಂತ ಕಾಲಲ್ಲೇ ಶುರು ಮಾಡಿದಳು. ಪಿಳ್ಳಪ್ಪನವರಿಗೆ ತಿಳಿಯದ ಹಾಗೆ ದಖ್ಖನಿಯಲ್ಲಿ ಆಡಬೇಕಿತ್ತು. ಗಾಬರಿಯಲ್ಲಿ ಕನ್ನಡದಲ್ಲೇ ಬಂತು.

"ಸುಫಿಯಾನ್, ನಾನು ಹ್ಞೂಂ ಅನ್ನಲ್ಲ. ನೀನು ಒಳ್ಳೆಯವನು, ಅದರ ಮಾತಲ್ಲ ಇದು. ನಿನ್ನ ಅಣ್ಣ ಕೂತ ಜಾಗದಲ್ಲಿ ನಿನ್ನನ್ನ ಕೂರಿಸಕ್ಕೆ ನನ್ನಿಂದಾಗಲ್ಲ. ನಿನ್ನನ್ನೇ ಅಂತಲ್ಲ, ಯಾರನ್ನೂ. ಅದಕ್ಕೆ ಮನೆ ಬಿಡಬೇಕು ಅಂದ್ರೆ ಬಿಡ್ತೀನಿ. ಮಾಕಳಿಗೆ ಹೋಗ್ತೀನಿ."

ಪಿಳ್ಳಪ್ಪ ಎದ್ದು ನಿಂತರು. "ನಾ ಒಸಿ ಟೀ ಕುಡ್ಕಂಡ್ ಬತ್ತೀನಿ ಕಣಪ್ಪ," ಅಂದು, ತುಂಬಿದ ಲೋಟವನ್ನು ಕೈಯಲ್ಲಿ ಹಿಡಿದುಕೊಂಡೇ ರಸ್ತೆ ದಾಟಿ ಹೋದರು.

ಸುಫಿಯಾನನ ಬಾಯಿ ಅರ್ಧ ತೆರೆದಿತ್ತು. ಕಿವಿಯ ತುದಿ ಕೆಂಪಗಾಗಿತ್ತು. ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ.

"ಭಾಭಿ, ನೀವು ಯಾವ ಕವರ್ ಅಂದ್ಕೊಂಡ್ರಿ?"

ಗಜಾಲಾ ಫೋನು ತೆಗೆದು ಮೆಸೇಜನ್ನು ಅವನ ಮುಂದೆ ಹಿಡಿದಳು.

"ಅಯ್ಯೋ ಅಲ್ಲಾ. ನಾನು ಹೇಳಿದ್ದು ಆ ಕವರ್ ಅಲ್ಲ. ಫ್ರೆಂಡ್ಸ್ ಹತ್ರ ಅಂತೀವಲ್ಲ, 'ನಡಿ ಮಚ್ಚಾ, ನಾನು ಕವರ್ ಮಾಡ್ತೀನಿ' ಅಂತ, ಆ ಕವರ್. ನೀವು ಬೇಡ ಅಂದ್ರೆ ತಪ್ಪೆಲ್ಲ ನಿಮ್ಮ ತಲೆಗೆ ಬರತ್ತೆ. ನಾನು ಬೇಡ ಅಂದ್ರೆ ನಾಲ್ಕು ದಿನ ಬೈತಾರೆ, ಗಂಡು ಹುಡುಗ ಅಂತ ಬಿಟ್ಬಿಡ್ತಾರೆ. ಅದಕ್ಕೆ, ನನಗೆ ಬೇರೆ ಹುಡುಗಿ ಇದಾಳೆ ಅಂತ ಅಮ್ಮೀಗೆ ಹೇಳಣ ಅಂತಿದ್ದೆ. ನಿಮ್ಮನ್ನ ಕೇಳದೆ ಹೇಳೋದು ಸರಿಯಲ್ಲ ಅಂತ ಮೆಸೇಜ್ ಹಾಕ್ದೆ."

"ಯಾವ ಹುಡುಗಿ?"

"ಇಲ್ಲ, ಯಾರೂ ಇಲ್ಲ. ಹೆಸರು ಮಾತ್ರ ಇಟ್ಟಿದ್ದೆ. ರುಖ್ಸಾರ್. ಯಲಹಂಕದವಳು. ಬಿ.ಕಾಂ."

"ಬಿ.ಕಾಂ. ಬೇರೆ ಮಾಡಿಸಿದ್ಯಾ?"

"ಅಮ್ಮೀ ಕೇಳ್ತಾರಲ್ಲ ಮತ್ತೆ. ಏನೂ ಓದಿಲ್ಲ ಅಂದ್ರೆ ಭಾಭಿಗಿಂತ ಕಮ್ಮಿ ಅಂತಾರೆ."

ಗಜಾಲಾಳ ಗಂಟಲಿನಿಂದ ಒಂದು ಸದ್ದು ಬಂತು. ನಗುವಿನ ಹಾಗಿತ್ತು. ಅದು ಅವಳಿಗೇ ಅಪರಿಚಿತವಾಗಿತ್ತು. ಕವರ್ ಪದದ ವಂಶವೃಕ್ಷವನ್ನೇ ಬಲ್ಲವಳು, ಬೀದಿಯಲ್ಲಿ ದಿನಬೆಳಗಾದರೆ ಕಿವಿಗೆ ಬೀಳುವ ಕವರನ್ನು ಮರೆತಿದ್ದಳು. ಫರ್ದೀನ್ ಅದನ್ನೂ ಒಂದು ಸಂಜೆ ಹಿಡಿದು ತಂದಿದ್ದ. ಅವತ್ತೂ ಚಹಾ ಅವಳೇ ಮಾಡಿದ್ದಳು.

ಸುಫಿಯಾನ್ ನಗಲಿಲ್ಲ. ಬುಲೆಟ್ ಸೀಟಿನ ಅಂಚನ್ನು ಹೆಬ್ಬೆರಳಿನಿಂದ ಒರೆಸುತ್ತ, ತಲೆ ತಗ್ಗಿಸಿಯೇ ಅಂದ: "ಅಣ್ಣ ಕೂತ ಜಾಗ ಅಂದ್ರಲ್ಲ ಭಾಭಿ. ಆ ಜಾಗಕ್ಕೆ ನಾನು ಯಾವತ್ತೂ ಕರ್ಚೀಫ್ ಹಾಕಿಲ್ಲ."

ಅವಳಿಗೆ ಮುಖ ಎತ್ತಲಾಗಲಿಲ್ಲ. "ಗೊತ್ತು," ಅಂದಳು. "ನೀನೇನೂ ಕವರ್ ಮಾಡಬೇಡ. ಇಲ್ಲದ ಹುಡುಗಿಯನ್ನ ತಂದರೆ ನಾಳೆ ಅಮ್ಮೀ ಅವಳನ್ನ ನೋಡಕ್ಕೆ ಹೊರಡ್ತಾರೆ. ನಾನೇ ಹೇಳ್ತೀನಿ."

"ಆಮೇಲೆ? ಮಾಕಳಿಗೆ ಹೋಗಿಬಿಡ್ತೀರಾ?"

"ಅಮ್ಮೀ ಏನಂತಾರೋ ನೋಡಣ."

ಹೊರಗೆ ತುಂತುರು ಹಿಡಿದಿತ್ತು. ಅವಳು ಹೋಗಿ ಗಾಡಿಯ ಮೇಲೆ ಕೂತಳು. ಪ್ಲಾಸ್ಟಿಕ್ ಕವರ್ ದಾರಿಯಲ್ಲೇ ಎಲ್ಲೋ ಸೀಳಿಕೊಂಡಿತ್ತು. ಕೂತ ಕೂಡಲೇ ತಣ್ಣನೆಯ ನೀರು ಬಟ್ಟೆಗೆ ಹತ್ತಿತು. ಯಾಕೋ ಆ ಕ್ಷಣ ಅದು ಅವಳಿಗೆ ಸಾಕಾಯಿತು. ಇಳಿದು, ಗಾಡಿಯ ಸ್ಟ್ಯಾಂಡ್ ಹಾಕಿದಳು.

"ಹಾಕು," ಅಂದಳು.

"ಏನು?"

"ಕವರ್. ಸೀಟಿಂದು. ಹಳೇದನ್ನ ತೆಗೀಬೇಡ. ಅದರ ಮೇಲೇ ಹಾಕಿಬಿಡು."

ಸುಫಿಯಾನ್ ಎದ್ದು ಬಂದು ಸೀಟಿನ ಹರುಕಿಗೆ ಬೆರಳು ತೂರಿಸಿ ನೋಡಿದ. "ಹಾಗೆ ಹಾಕಲ್ಲ ಭಾಭಿ. ಗಿರಾಕಿಗಳು ದುಡ್ಡುಳಿಯತ್ತೆ ಅಂತ ಕೇಳ್ತಾರೆ. ಅಣ್ಣ ಬೈದು ಕಳಿಸ್ತಿದ್ದ. ಒಳಗೆ ನೀರಿಟ್ಕೊಂಡು ಮೇಲೆ ಮುಚ್ಚಿದ್ರೆ ಫೋಮು ಕೊಳೆಯತ್ತೆ, ಕಬ್ಬಿಣ ತುಕ್ಕು ಹಿಡಿಯತ್ತೆ. ಬಿಚ್ಚಬೇಕು. ಒಣಗಿಸಬೇಕು. ಆಮೇಲೆ ಹಾಕೋದು."

ಮುಚ್ಚುವ ಓಪೆರೀರೆ, ತೆರೆಯುವ ಆಪೆರೀರೆ. ಫರ್ದೀನನಿಗೆ ಹೇಳದೆ ಉಳಿದ ನೆಂಟ. ಹೇಳಿದ್ದರೆ ಅವನು ಏನನ್ನುತ್ತಿದ್ದನೋ. ಕನ್ನಡದಲ್ಲೂ ಇದೆಯಲ್ಲೇ ಅನ್ನುತ್ತಿದ್ದನೇನೋ. ಬಾಗಿಲು ತೆರೆ ಅಂದರೂ ತೆರೆ, ನಾಟಕದಲ್ಲಿ ಅಡ್ಡ ಬಿಡುವ ಪರದೆಯೂ ತೆರೆ. ಅನ್ನುತ್ತಿದ್ದನೋ ಇಲ್ಲವೋ. ಈಗ ಅವನ ಪಾಲಿನ ಮಾತನ್ನೂ ಅವಳೇ ಆಡಿಕೊಳ್ಳಬೇಕಾಗಿತ್ತು.

"ಬಿಚ್ಚು," ಅಂದಳು.

ಅವನು ಸೀಟನ್ನು ಗಾಡಿಯಿಂದ ಕಳಚಿ, ಒಳಗೆ ಒಯ್ದು, ಬೋರಲು ಹಾಕಿ ಪಿನ್ನು ಕೀಳತೊಡಗಿದ. ಒಂದೊಂದೇ ಪಿನ್ನು ಟಕ್ ಅಂತ ತಗಡಿನ ಡಬ್ಬಿಗೆ ಬೀಳುತ್ತಿತ್ತು. ರೆಕ್ಸಿನ್ ಸುಲಿದಾಗ ಒಳಗಿನ ಫೋಮು ಕಪ್ಪಾಗಿತ್ತು. ಮುಂದೆ ಒಂದು ತಗ್ಗು, ಹಿಂದೆ ಒಂದು ತಗ್ಗು. ಮುಂದಿನದು ಫರ್ದೀನನದು, ಈಗ ಅವಳದೂ. ಹಿಂದಿನ ತಗ್ಗಿನಲ್ಲಿ ಬಹಳ ದಿನದಿಂದ ಯಾರೂ ಕೂತಿರಲಿಲ್ಲ. ಸುಫಿಯಾನ್ ಫೋಮನ್ನು ಟವೆಲಿನ ಹಾಗೆ ಎರಡೂ ಕೈಯಿಂದ ಅದುಮಿದ. ಅಂಗಡಿಯ ನೆಲದ ಮೇಲೆ ನೀರು ಹರಿಯಿತು. ಎಷ್ಟು ಅದುಮಿದರೂ ಬರುತ್ತಲೇ ಇತ್ತು.

ಸಂಜೆ ಅವಳು ಬಸ್ಸಿನಲ್ಲಿ ಮನೆಗೆ ಬಂದಳು. ರೆಹಾನಾ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದರು.

"ಗಾಡಿ ಸದ್ದು ಕೇಳಿಸ್ಲಿಲ್ಲ?"

"ಅಂಗಡೀಲಿ ಬಿಟ್ಟೆ ಅಮ್ಮೀ. ಸೀಟು ಬಿಚ್ಚಕ್ಕೆ ಹೇಳ್ದೆ."

ಚಾಕು ನಿಂತಿತು. ರೆಹಾನಾ ಸೊಸೆಯ ಮುಖ ನೋಡಿದರು. ಮತ್ತೆ ಈರುಳ್ಳಿ ಹೆಚ್ಚಲು ಶುರು ಮಾಡಿದರು.

"ಅಮ್ಮೀ, ಭಾನುವಾರದ ಮಾತು ಬೇಡ. ನಾನು ಸುಫಿಯಾನ್‌ನ ಮದುವೆ ಆಗಲ್ಲ. ಅವನಿಗೂ ಇಷ್ಟ ಇಲ್ಲ. ಆದರೆ ಬೇಡ ಅಂತಿರೋದು ನಾನು. ಅವನ ಮೇಲೆ ಹಾಕಬೇಡಿ."

ಒಲೆಯ ಮೇಲೆ ಎಣ್ಣೆ ಕಾದು ಹೊಗೆಯಾಡುತ್ತಿತ್ತು. ಗಜಾಲಾ ಕೈಚಾಚಿ ಉರಿ ಸಣ್ಣ ಮಾಡಿದಳು.

"ಮಾಕಳಿಗೆ ಹೋಗ್ತೀಯಾ?" ಅಂತ ಕೇಳಿದರು ರೆಹಾನಾ. ಈರುಳ್ಳಿಯಿಂದಲೋ ಏನೋ, ಕಣ್ಣು ಒದ್ದೆಯಾಗಿತ್ತು.

"ನೀವು ಕಳಿಸಿದ್ರೆ."

"ನಾನ್ಯಾಕೆ ಕಳಿಸ್ಲಿ? ನೀನು ಹೋಗಬಾರ್ದು ಅಂತ ತಾನೇ ಇಷ್ಟೆಲ್ಲ ಮಾಡಿದ್ದು. ನಾಳೆ ಸುಫಿಯಾನ್‌ಗೆ ಹೆಂಡ್ತಿ ಬರ್ತಾಳೆ. ಬಂದವಳು ಮಹಡಿ ರೂಮು ಕೇಳ್ತಾಳೆ. ನೀನು ಮಾನಸ್ಥೆ, ಕೇಳೋ ಮುಂಚೆನೇ ಪೆಟ್ಟಿಗೆ ಕಟ್ತೀಯ. ಆಮೇಲೆ ಈ ಮನೆಯಲ್ಲಿ ಫರ್ದೀನ್ ಬಗ್ಗೆ ಯಾರ ಜೊತೆ ಮಾತಾಡ್ಲಿ ನಾನು?"

ಇಷ್ಟು ದಿನ ಇಬ್ಬರೂ ಆ ಹೆಸರನ್ನು ಒಬ್ಬರ ಮುಂದೆ ಒಬ್ಬರು ಎತ್ತಿರಲಿಲ್ಲ. ಗಜಾಲಾ ಇನ್ನೊಂದು ಚಾಕು ತೆಗೆದುಕೊಂಡು, ಅತ್ತೆಯ ಎದುರು ಕೂತು, ಒಂದು ಈರುಳ್ಳಿ ಸುಲಿದಳು.

"ರೂಮು ಯಾರು ಕೇಳಿದ್ರೂ ಕೊಡಲ್ಲ ಅಮ್ಮೀ," ಅಂದಳು.

"ಕೊಡಬೇಡ. ದಪ್ಪ ಹೆಚ್ಚಬೇಡ, ಇದು ಸಾರಿಗೆ." ರೆಹಾನಾ ಸೆರಗಿನಿಂದ ಮೂಗು ಒರೆಸಿಕೊಂಡರು. "ನಸೀಮಾಗೆ ಏನು ಹೇಳೋದು ಈಗ? ಬಿರಿಯಾನಿ ಮಾಡ್ತೀನಿ ಬಾ ಅಂದಿದ್ದೀನಿ."

"ಬರಲಿ. ತಿನ್ನಲಿ."

"ಹ್ಞೂಂ. ಏನಾದ್ರೂ ಒಂದು ಕವರ್ ಮಾಡ್ತೀನಿ ಬಿಡು."

ಆ ರಾತ್ರಿ ಗಜಾಲಾ ಮಹಡಿಗೆ ಹೋಗಿ ಒಬ್ಬಳಿಗೇ ಚಹಾ ಮಾಡಿಕೊಂಡಳು. ಅತ್ತೆಯ ಆ ಕವರನ್ನು ಹಿಡಿದು ತಂದಿದ್ದವಳು ಅವಳು. ಕೇಳಲು ಯಾರೂ ಇರಲಿಲ್ಲ. ಆಟದ ಪ್ರಕಾರ ಗೆದ್ದವರು ಚಹಾ ಮಾಡುವ ಹಾಗಿರಲಿಲ್ಲ.

ಮಾರನೆಯ ದಿನ ಸೀಟು ಇನ್ನೂ ಒಣಗಿರಲಿಲ್ಲ. ಬಿಸಿಲಿಗಾಗಿ ಅಂಗಡಿಯ ಮುಂದೆ ಇಟ್ಟಿದ್ದೀನಿ, ಪಿಳ್ಳಪ್ಪ ಕಾವಲಿದ್ದಾರೆ ಅಂತ ಸುಫಿಯಾನ್ ಹೇಳಿದ. ಅವಳು ಯಲಹಂಕದ ಬಸ್ಸು ಹತ್ತಿದಳು. ಕಿಟಕಿ ಪಕ್ಕ ಸೀಟು ಸಿಕ್ಕಿತು. ಕೂತಳು. ಹೊರಗೆ ಅಪಾರ್ಟ್‌ಮೆಂಟುಗಳು, ಬೇಕರಿ, ಹಾರ್ಡ್‌ವೇರ್ ಅಂಗಡಿ, ಮತ್ತೆ ಅಪಾರ್ಟ್‌ಮೆಂಟುಗಳು. ಮುಂದಿನ ಸ್ಟಾಪಿನಲ್ಲಿ ಜನ ನುಗ್ಗಿದರು.

"ಯಾರಾನ ಬತ್ತಾರೇನವ್ವಾ?"

ಗಜಾಲಾ ತಿರುಗಿ ನೋಡಿದಳು. ವಯಸ್ಸಾದ ಹೆಂಗಸು, ಕಂಕುಳಲ್ಲಿ ಚೀಲ, ಕೈಯಲ್ಲಿ ಸೊಪ್ಪು ತುಂಬಿದ ಕವರ್. ಪಕ್ಕದ ಸೀಟನ್ನು ಕಣ್ಣಿನಲ್ಲೇ ತೋರಿಸುತ್ತ ನಿಂತಿದ್ದಳು. ಸೀಟಿನ ಮೇಲೆ ನಾಲ್ಕು ಮಡಿಕೆಯ ಬಿಳಿ ಕರ್ಚೀಫ್ ಇತ್ತು. ತನ್ನದೇ. ಯಾವಾಗ ಬ್ಯಾಗಿನಿಂದ ತೆಗೆದಳೋ, ಯಾವಾಗ ಹಾಕಿದಳೋ ಅವಳಿಗೆ ತಿಳಿಯಲಿಲ್ಲ. ಕೈ ತನ್ನ ಪಾಡಿಗೆ ಹಾಕಿತ್ತು.

ಅವಳು ಒಮ್ಮೆ ಹಿಂದಿನ ಬಾಗಿಲ ಕಡೆ ನೋಡಿದಳು. ಅಲ್ಲಿ ಗಂಡಸರು ಒಬ್ಬರನ್ನೊಬ್ಬರು ತಳ್ಳಿಕೊಂಡು ಹತ್ತುತ್ತಿದ್ದರು.

"ಯಾರಾನ ಬತ್ತಾರಾ ಅಂದೆ."

"ಇಲ್ಲ," ಅಂದಳು ಗಜಾಲಾ. ಹೆಂಗಸಿನ ಕಡೆ ತಿರುಗಿ ಇನ್ನೊಂದು ಸಲ ಹೇಳಿದಳು. "ಇಲ್ಲಮ್ಮ. ಯಾರೂ ಬರಲ್ಲ. ಕೂತ್ಕೊಳ್ಳಿ."

ಕರ್ಚೀಫನ್ನು ಎತ್ತಿಕೊಂಡಳು. ಹೆಂಗಸು ಉಸ್ಸಪ್ಪ ಅಂತ ಕೂತು, ಅತ್ತಿತ್ತ ಸರಿದು ಜಾಗ ಮಾಡಿಕೊಂಡು, ಕೇಳದೆ ಮಾಡದೆ ಸೊಪ್ಪಿನ ಕವರನ್ನು ಗಜಾಲಾಳ ಮಡಿಲಿಗಿಟ್ಟಳು.

"ಈ ಕವರ್ ಒಸಿ ಇಡ್ಕೊಳವ್ವ. ಆಧಾರ್ ಕಾರ್ಡು ಎಲ್ಲಿಟ್ನೋ ಏನೋ. ಕಂಡಕ್ಟ್ರು ಬಂದ್ರೆ ಬಾಯ್ ಮಾಡ್ತಾನೆ."

ಕವರ್ ಭಾರವಾಗಿತ್ತು. ಒಳಗೆ ಈಗ ತಾನೇ ಕಿತ್ತ ಸೊಪ್ಪು, ಬೇರಿನಲ್ಲಿ ಇನ್ನೂ ಮಣ್ಣು. ತಳದಲ್ಲಿ ಎಲ್ಲೋ ತೂತಿತ್ತು. ನೀರು ತೊಟ್ಟಿಕ್ಕಿ ಅವಳ ಬಟ್ಟೆ ಒದ್ದೆಯಾಗತೊಡಗಿತು. ತಣ್ಣಗಿತ್ತು. ಗಜಾಲಾಗೆ ಅದು ತಿಳಿಯುತ್ತಿತ್ತು. ಕರ್ಚೀಫನ್ನು ಮಡಿಸಿ ತೂತಿನ ಕೆಳಗೆ ಇಟ್ಟು, ಎರಡೂ ಕೈಯಿಂದ ಕವರನ್ನು ಹಿಡಿದುಕೊಂಡು ಕೂತಳು.